ಮುಚ್ಚಳ ಹಾಕುವ ತನಕ

ಕಲಕತ್ತೆಯ ನೆಲದೊಳಗಿನ ರೈಲುದಾರಿಯನ್ನು ನಾನು ಕಂಡಿಲ್ಲ. ಆದರೂ ದಮ್‌ದಮ್‌ನಿಂದ ಟಾಲಿಗಂಜ್ ತನಕ ಅದರ ಹದಿನೇಳು ನಿಲ್ದಾಣ ಎಲ್ಲೆಲ್ಲಿ ಬರಲಿವೆ ಎಂದು ತಪ್ಪಿಲ್ಲದೆ ಹೇಳಬಲ್ಲೆ. ಅಣ್ಣ ಕಾಗದದಲ್ಲಿ ಗೀಟು ಎಳೆದು ಕಳಿಸಿದ್ದ. ನಾನು ಎಂಟನೇ ಇಯತ್ತೆಯ ನೋಟುಬುಕ್ಕಿಗೆ ಇಳಿಸಿಕೊಂಡಿದ್ದೆ.

ನಮ್ಮದು ಸಿಂದಗಿಯ ಅಂಚಿನಲ್ಲಿ ಬಾವಿ ತೋಡುವವರ ಮನೆ. ಅಣ್ಣ ಮೊದಲು ಅಪ್ಪನ ಕೂಡ ಬಾವಿಗೆ ಇಳಿದ, ಆಮೇಲೆ ನಿಡಗುಂದಿ ಕಡೆ ಕಾಲುವೆ ಕೆಲಸಕ್ಕೆ ಹೋದ. ಅಲ್ಲಿಯ ಗುತ್ತಿಗೆದಾರನೊಬ್ಬ ಅವನನ್ನು ಕಲಕತ್ತೆಗೆ ಕರೆದೊಯ್ದ. ಆ ಊರಿನ ರಸ್ತೆಗಳಲ್ಲಿ ಟ್ರಾಮು, ಬಸ್ಸು, ಕೈಗಾಡಿ ಎಲ್ಲ ಸೇರಿ ಕಾಲಿಡಲು ಜಾಗವಿಲ್ಲವಂತೆ, ಅದಕ್ಕೇ ಸರಕಾರ ನೆಲದ ಕೆಳಗೆ ರೈಲು ಓಡಿಸುತ್ತದಂತೆ. ಅಣ್ಣನನ್ನು ಇಂಡಿ ರೋಡ್ ಸ್ಟೇಶನ್ನಿನಲ್ಲಿ ರೈಲು ಹತ್ತಿಸಿ ಬಂದೆವು.

ನಮ್ಮ ಮನೆಯಲ್ಲಿ ಒಂದು ನೇಮವಿದೆ. ಗಂಡಸು ಬಾವಿಯ ತಳದಲ್ಲಿರುವಾಗ ಮನೆಯ ಹೆಂಗಸು ಉಣ್ಣುವುದಿಲ್ಲ. ಅವನು ಮೇಲೆ ಬಂದು ಕೈಕಾಲು ತೊಳೆದ ಮೇಲೆಯೇ ಅವಳ ತಾಟು. ಬಾವಿ ತೋಡುವವರು ಮಧ್ಯಾಹ್ನ ರೊಟ್ಟಿಗೆ ಮೇಲೆ ಬರುತ್ತಾರೆ, ಹಾಗಾಗಿ ಯಾರಿಗೂ ತ್ರಾಸಿರಲಿಲ್ಲ. ಆದರೆ ಅಣ್ಣನ ಮೊದಲ ಕಾಗದದಲ್ಲೇ, "ಮುಂಜಾನೆ ಇಳಿದರ ದೀಪ ಹಚ್ಚೂ ಹೊತ್ತಿಗೆ ಮ್ಯಾಲ ಬರ್ತೇವಿ, ಊಟ ಕೆಳಗ" ಎಂದಿತ್ತು. ಅಂದಿನಿಂದ ಅವ್ವ ಮಧ್ಯಾಹ್ನದ ಊಟ ಬಿಟ್ಟಳು.

"ನಾ ಬಾವ್ಯಾಗಿದ್ದಾಗ ಇಷ್ಟು ಕಾಳಜಿ ಇರಲಿಲ್ಲ ನೋಡು ಇಕಿಗೆ," ಅಪ್ಪ ನಗುತ್ತಿದ್ದ. "ತಡಾ ಆದ್ರ ದಂಡಿಗೆ ಬಂದು ‘ಏರಿ ಬರ್ತೀರೋ ಇಲ್ಲೋ, ಹಸಿವ್ಯಾಗೇತಿ’ ಅಂತ ಒದರತಿದ್ಳು."

"ನಿಮ್ಮ ಬಾವಿಗೆ ಹಗ್ಗ ಇತ್ರಿ. ಅವಂದಕ್ಕ ಹಗ್ಗ ಹಿಡಿಯೋರು ಯಾರದಾರ?" ಎನ್ನುತ್ತಿದ್ದಳು ಅವ್ವ.

ಅವಳಿಗೆ ತಿಳಿಯಲೆಂದು ನಾನು ನಕಾಶೆಯಲ್ಲಿ ನಮ್ಮ ಊರುಗಳನ್ನು ಬರೆದೆ. ದಮ್‌ದಮ್ ಅಂದರೆ ಇಂಡಿ, ಶ್ಯಾಮ್‌ಬಜಾರ್ ನಮ್ಮ ಸಿಂದಗಿ, ಎಸ್‌ಪ್ಲನೇಡ್ ಬಸವನ ಬಾಗೇವಾಡಿ, ಕೊನೆಯ ಟಾಲಿಗಂಜ್ ಮುದ್ದೇಬಿಹಾಳ. ಅಣ್ಣ ಇದ್ದದ್ದು ಬಾಗೇವಾಡಿ ದಾಟಿ, ಕಾಳಿಘಾಟದ ಹತ್ತಿರ. ಅವ್ವ ನೀರಿಗೆ ಹೋದಲ್ಲೆಲ್ಲ "ಮಗ ಬಾಗೇವಾಡಿ ದಾಟ್ಯಾನ" ಎಂದು ಹೇಳಿ ಓಣಿಯವರ ತಲೆ ಕೆಡಿಸಿದಳು.

ಅವ್ವ ಮಧ್ಯಾಹ್ನ ಉಂಡ ದಿನಕ್ಕೆ ಗೀಟು, ಬಿಟ್ಟ ದಿನಕ್ಕೆ ಚುಕ್ಕಿ ಎಂದು ನಾನು ಬರೆದಿಡುತ್ತಿದ್ದೆ. ಹನ್ನೆರಡು ವಾರಕ್ಕೆ ಎಪ್ಪತ್ತೆರಡು ಚುಕ್ಕಿ, ಹನ್ನೆರಡು ಗೀಟು. ಗೀಟೆಲ್ಲ ರವಿವಾರದವು, ಅಣ್ಣನ ರಜೆಯ ದಿನದವು. ಅಷ್ಟರಲ್ಲಿ ಅವ್ವ ರೊಟ್ಟಿ ಬಡಿಯುತ್ತಲೇ ಎರಡು ಸಲ ಕಣ್ಣು ಕತ್ತಲಿಟ್ಟು ಗೋಡೆಗೆ ಒರಗಿದ್ದಳು. ಆ ಎರಡು ದಿನ ಚುಕ್ಕಿಯ ಸುತ್ತ ಸೊನ್ನೆ ಹಾಕಿದ್ದೇನೆ.

ಪಂಚಮಿಗೆ ಅಣ್ಣ ಬಂದ. ನನ್ನ ನೋಟುಬುಕ್ಕು ನೋಡಿ ತಲೆ ಮೇಲೆ ಕೈ ಹೊತ್ತ.

"ಅವ್ವಾ, ಅದು ಬಾವಿ ಅಲ್ಲ, ಕಾಲುವಿ. ನಡು ರಸ್ತೆ ಅಗದು, ಎರಡೂ ಕಡೆ ಗ್ವಾಡಿ ಕಟ್ಟಿ, ನಡುವಿನ ಮಣ್ಣು ತಗೀತೇವಿ. ತಲಿ ಎತ್ತಿದ್ರ ಆಕಾಶ ಕಾಣ್ತೈತಿ."

"ಮತ್ತ ನೆಲದಾಗ ಅಂದಿ?"

"ಎಲ್ಲಾ ಆದ ಮ್ಯಾಲೆ ಮುಚ್ಚಳ ಹಾಕಿ, ಅದರ ಮ್ಯಾಲೆ ಮತ್ತ ರಸ್ತೆ ಮಾಡ್ತಾರ."

"ಅಯ್ಯ ನಿನ್ನ! ಕಾಲುವ್ಯಾಗ ನಿಂತವಗ ಉಪಾಸ ಬಿದ್ನೇನು ನಾನು?" ಅವ್ವ ಅಂದು ಮಧ್ಯಾಹ್ನ ಮೂರು ಉಂಡಿ ತಿಂದಳು. ಆದರೆ ಅಣ್ಣ ಹೊರಡುವಾಗ ಅವನ ಕೈ ಹಿಡಿದು ಮಾತು ತೆಗೆದುಕೊಂಡಳು: "ಮುಚ್ಚಳ ಹಾಕಿದ ದಿನ ಕಾಗದ ಬರೀಬೇಕು. ಸುಳ್ಳು ಬರೀಬ್ಯಾಡ."

ಆಮೇಲೆ ಏಳು ತಿಂಗಳು ನನ್ನ ಪುಟಗಳಲ್ಲಿ ಬರೀ ಗೀಟು. ಅವ್ವನ ಕೈಬಳೆಗಳು ಮತ್ತೆ ಬಿಗಿಯಾದವು.

ಎಂಟನೇ ತಿಂಗಳ ಕಾಗದವನ್ನು ನಾನು ಮೊದಲು ಮನಸ್ಸಿನಲ್ಲೇ ಓದಿದೆ. "ನಮ್ಮ ಭಾಗಕ್ಕೆ ಮುಚ್ಚಳ ಹಾಕಿದರು. ಈಗ ದೀಪದ ಬೆಳಕಿನಲ್ಲಿ ಒಳಗೇ ಕೆಲಸ. ಸುಳ್ಳು ಬರೆಯುವುದಿಲ್ಲ ಎಂದು ಮಾತು ಕೊಟ್ಟೇನಿ, ಬರೆದಿಲ್ಲ. ಓದಿ ಹೇಳುವುದು ನಿನಗೆ ಬಿಟ್ಟದ್ದು ತಂಗಿ."

ಅವ್ವ ಒಲೆಯ ಮುಂದೆ ಕುಳಿತು ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಅಕ್ಷರ ಬರುವುದಿಲ್ಲ. "ಏನಂದಾನ?"

"ಆರಾಮ ಅದಾನಂತ. ಇನ್ನೂ ಮುಚ್ಚಿಲ್ಲಂತ."

"ಎಲ್ಲಿಗೆ ಬಂದೈತಿ ಕೆಲಸ?"

ನಕಾಶೆಯ ಮೇಲೆ ಬೆರಳಿಟ್ಟು ತೋರಿಸಿದೆ. ಅವ್ವ ಬಾಗಿ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

"ಮುದ್ದೇಬಿಹಾಳ ಮುಟ್ಟೂತನಕ ಹಿಂಗ ಓದವಾ," ಎಂದು ತಾಟು ಎಳೆದುಕೊಂಡಳು.

ಅಂದಿನ ಪುಟದಲ್ಲಿ ಹೀಗಿದೆ: ಗುರುವಾರ. ಅಣ್ಣನ ಕಾಗದ ಬಂತು. ಅವ್ವ ಮಧ್ಯಾಹ್ನ ಎರಡು ರೊಟ್ಟಿ ಉಂಡಳು. ಗೀಟು.