ಒಗೆದರೂ ಹೋಗದ ಹಳದಿ

ನಾನು ನಿವೃತ್ತಳಾಗಲು ಎರಡು ವರ್ಷ ಬಾಕಿ ಇತ್ತು. ಆಂಧ್ರದ ಗಡಿಯ ರಾಯದುರ್ಗದ ಆಚೆ, ಡಿ. ಹಿರೇಹಾಳ್ ಮಂಡಲದ ಒಂದು ಆರೋಗ್ಯ ಉಪಕೇಂದ್ರದಲ್ಲಿ ದಾದಿ, ಅಂದರೆ ಎಎನ್‌ಎಂ ಆಗಿದ್ದೆ. ಸುತ್ತಲಿನ ಊರುಗಳ ಬಾಣಂತಿಯರು, ಹಸುಗೂಸುಗಳು, ಲಸಿಕೆ ಎಲ್ಲವೂ ನನ್ನ ಪಾಲಿನ ಕೆಲಸ. ಮೂವತ್ತು ವರ್ಷಗಳ ನೌಕರಿಯಲ್ಲಿ ಕೋಪ ನುಂಗುವುದನ್ನು ಚೆನ್ನಾಗಿಯೇ ಕಲಿತಿದ್ದೆ. ಆದರೆ ಈ ಒಂದು ಕೇಸಿನ ಕೋಪ ಇಂದಿಗೂ ಇಳಿದಿಲ್ಲ.

ರೇಣುಕಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಗಂಡ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕೆಲಸದಲ್ಲಿದ್ದ. ಹೆರಿಗೆ ಸಲೀಸಾಗಿ ಆಯಿತು. ಹೆಣ್ಣು ಮಗು, ಎರಡು ಕೆಜಿ ಒಂಬೈನೂರು ಗ್ರಾಂ. ಏಳನೆಯ ದಿನ ನಾನೇ ಮನೆಗೆ ಹೋಗಿದ್ದೆ. ಹಾಲು ಕುಡಿಯುತ್ತದೆಯೇ, ದಿನಕ್ಕೆ ಆರು ಸಲಕ್ಕಿಂತ ಹೆಚ್ಚು ಬಟ್ಟೆ ಒದ್ದೆ ಮಾಡುತ್ತದೆಯೇ ಎಂದು ಕೇಳಿದೆ. ಹೌದು ಎಂದಳು. ಮಗುವಿಗೆ ಸಾಕಷ್ಟು ಹಾಲು ಸಿಗುತ್ತಿದೆ ಎಂಬುದಕ್ಕೆ ಅದೇ ಗುರುತು. ಫಾರಂನಲ್ಲಿ ಟಿಕ್ ಹಾಕಿ ಎದ್ದು ಬಂದೆ. ಮಲಮೂತ್ರದ ಬಣ್ಣ ಕೇಳಲು ಆ ಫಾರಂನಲ್ಲಿ ಜಾಗವಿರಲಿಲ್ಲ, ನಾನೂ ಕೇಳಲಿಲ್ಲ.

ಮಗುವಿನ ಕಣ್ಣು, ಮೈ ಹಳದಿಯಾಗಿದೆ ಎಂದು ಮನೆಯವರು ರಾಯದುರ್ಗದ ಒಂದು ಖಾಸಗಿ ನರ್ಸಿಂಗ್ ಹೋಂಗೆ ಮೂರು ಸಲ ಒಯ್ದಿದ್ದರಂತೆ. ಇದು ನನಗೆ ತಿಳಿದದ್ದು ಆರು ವಾರದ ಲಸಿಕೆಯ ದಿನ, ಮಗುವಿಗೆ ನಲವತ್ತಮೂರು ದಿನ ತುಂಬಿದಾಗ. ರೇಣುಕಾಳ ತಾಯಿ ಹನುಮಕ್ಕ ಮಗುವನ್ನು ಎತ್ತಿಕೊಂಡು ಬಂದಿದ್ದಳು. ಸಾಲಿನಲ್ಲಿದ್ದ ಉಳಿದವರು ಹೋಗುವವರೆಗೆ ಕಾದು, ಕೊನೆಗೆ ಹತ್ತಿರ ಬಂದಳು.

"ಸಿಸ್ಟರಮ್ಮ, ದಿನಾ ಬಟ್ಟಿ ಒಗಿಯಾಕಿ ನಾನು. ಕೂಸಿನ ಉಚ್ಚಿ ಬಿದ್ರ ಬಟ್ಟಿ ಹಳದಿ ಆಗ್ತೈತ್ರಿ, ಎಷ್ಟು ತಿಕ್ಕಿದ್ರೂ ಹೋಗವಲ್ದು. ಕಕ್ಕ ನೋಡಿದ್ರ ಸುಣ್ಣದಂಗ ಬೆಳ್ಳಗ. ನಾನೂ ಐದು ಮಕ್ಕಳನ್ನ ಸಾಕೀನಿ, ಹಿಂಗ ಕಂಡಿಲ್ಲ."

ಬಾಗಿಲ ಬಳಿಯ ಬೆಳಕಿಗೆ ಮಗುವನ್ನು ತಂದು ಬಟ್ಟೆ ಬಿಚ್ಚಿದೆ. ಅವಳು ಹೇಳಿದ್ದು ಅಕ್ಷರಶಃ ನಿಜ.

ಹಸುಗೂಸಿನ ಮೂತ್ರ ನೀರಿನಂತೆ ತಿಳಿಯಾಗಿರಬೇಕು, ಬಟ್ಟೆಗೆ ಕಲೆ ಹತ್ತಬಾರದು. ಮಲ ಹಳದಿಯಿರಲಿ, ಹಸಿರಿರಲಿ, ಚಿಂತೆಯಿಲ್ಲ. ಬಿಳಿಯಾಯಿತು ಎಂದರೆ ಯಕೃತ್ತಿನ ಪಿತ್ತರಸ ಕರುಳಿಗೆ ಇಳಿಯುತ್ತಿಲ್ಲ ಎಂದರ್ಥ. ಪಿತ್ತನಾಳ ಮುಚ್ಚಿಹೋಗುವ ಬಿಲಿಯರಿ ಅಟ್ರೀಸಿಯಾ ಎಂಬ ಕಾಯಿಲೆಯಲ್ಲಿ ಹೀಗಾಗುತ್ತದೆ. ಅರವತ್ತು ದಿನದೊಳಗೆ ಆಪರೇಷನ್ ಆದರೆ ಫಲ ಹೆಚ್ಚು, ತಡವಾದಷ್ಟೂ ಯಕೃತ್ತು ಕೆಡುತ್ತದೆ. ನಮಗೆ ಉಳಿದಿದ್ದದ್ದು ಹದಿನೇಳು ದಿನ.

ನರ್ಸಿಂಗ್ ಹೋಂನ ಚೀಟಿಗಳನ್ನು ನೋಡಿದೆ. ಹತ್ತನೆಯ ದಿನ, ಇಪ್ಪತ್ತನೆಯ ದಿನ, ಮೂವತ್ತೊಂದನೆಯ ದಿನ. ಮೂರರಲ್ಲೂ ಒಂದೇ ಸಾಲು: ಬೆಳಗಿನ ಬಿಸಿಲಿಗೆ ಹಿಡಿಯಿರಿ. ಎರಡು ವಾರ ದಾಟಿಯೂ ಕಾಮಾಲೆ ಇಳಿಯದಿದ್ದರೆ ರಕ್ತ ಪರೀಕ್ಷೆ ಮಾಡಿಸಲೇಬೇಕು ಎಂಬುದು ನನ್ನಂಥ ಎಎನ್‌ಎಂಗೂ ಗೊತ್ತಿರುವ ನಿಯಮ. ಅಲ್ಲಿನ ಕೌಂಟರಿನವರು, ಗಲೀಜು ಬಟ್ಟೆಯಲ್ಲಿ ಒಳಗೆ ಬರಬೇಡಿ, ಡೈಪರ್ ಹಾಕಿ ತನ್ನಿ ಎಂದು ಗದರಿದ್ದರಂತೆ. ಹಾಕಿಸಿದ ಡೈಪರನ್ನು ಮೂರು ಸಲವೂ ಯಾರೂ ಬಿಚ್ಚಿ ನೋಡಲಿಲ್ಲ. ಮೂರನೆಯ ಸಲ ಹನುಮಕ್ಕ ಕಲೆಯಾದ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಇಟ್ಟಿದ್ದಳು. ಇದನ್ನು ಮೊದಲು ಹೊರಗೆ ಬಿಸಾಡು ಎಂದರಂತೆ ಅವರು.

ಮರುದಿನವೇ ಬಳ್ಳಾರಿಗೆ ನಾನೂ ಜೊತೆಗೆ ಹೋದೆ. ರಕ್ತದಲ್ಲಿ ಕಾಮಾಲೆ ತೋರಿಸುವ ಬಿಲಿರುಬಿನ್ ಒಟ್ಟು ಒಂಬತ್ತು, ಅದರಲ್ಲಿ ಡೈರೆಕ್ಟ್ ಎನ್ನುವ ಭಾಗವೇ ಆರು. ಅದು ಒಂದನ್ನು ದಾಟಿದರೇ ಎಚ್ಚರ ವಹಿಸಬೇಕು. ಬಿಸಿಲಿಗೂ ಅದಕ್ಕೂ ಸಂಬಂಧವೇ ಇಲ್ಲ. ಅಲ್ಲಿನ ಮಕ್ಕಳ ತಜ್ಞರು ಆಗಲೇ ಬೆಂಗಳೂರಿಗೆ ಫೋನ್ ಮಾಡಿದರು. ಐವತ್ತಾರನೆಯ ದಿನ ಆಪರೇಷನ್ ಆಯಿತು. ಕರುಳನ್ನು ನೇರವಾಗಿ ಯಕೃತ್ತಿಗೆ ಜೋಡಿಸಿದರು. ಹನ್ನೊಂದು ದಿನ ಕಳೆದ ಮೇಲೆ ಹನುಮಕ್ಕ ಫೋನ್ ಮಾಡಿ, ಮಗು ಹಸಿರು ಕಕ್ಕ ಮಾಡಿದೆ ಎಂದು ಹೇಳಿ ಅತ್ತಳು. ನಾನೂ ಅತ್ತೆ.

ಆಮೇಲೆ ಆ ನರ್ಸಿಂಗ್ ಹೋಂಗೆ ಹೋದೆ. ದೊಡ್ಡ ಡಾಕ್ಟರ ಮುಂದೆ ಎಎನ್‌ಎಂ ನಿಂತು ಪ್ರಶ್ನೆ ಕೇಳುವುದು ನಮ್ಮ ಇಲಾಖೆಯಲ್ಲಿ ಪದ್ಧತಿಯಲ್ಲ. ಬಳ್ಳಾರಿಯ ರಿಪೋರ್ಟಿನ ಪ್ರತಿಯನ್ನು ಅವರ ಮುಂದಿಟ್ಟೆ. ಓದಿದರು. ಮುಖದಲ್ಲಿ ಏನೂ ಬದಲಾಗಲಿಲ್ಲ.

"ಇಂಥ ಕೇಸ್ ತುಂಬಾ ಅಪರೂಪ, ಸಿಸ್ಟರ್," ಎಂದರು.

"ಅಪರೂಪ ಇರಬೌದ್ರಿ ಸರ್. ಆದ್ರ ಆ ಬಟ್ಟಿ ನಿಮ್ಮ ಟೇಬಲ್ ಮ್ಯಾಲೆ ಇತ್ತು."

ಅವರು ಬೆಲ್ ಒತ್ತಿ ಮುಂದಿನ ಪೇಷಂಟನ್ನು ಕರೆದರು. ನಾನು ಬರೆದುಕೊಟ್ಟ ದೂರಿಗೆ ಮೇಲಿನವರಿಂದ ಉತ್ತರ ಬರಲೇ ಇಲ್ಲ.

ಮಗುವಿಗೀಗ ನಾಲ್ಕು ವರ್ಷ. ಅಂಗನವಾಡಿಗೆ ಹೋಗುತ್ತಾಳೆ. ಆರು ತಿಂಗಳಿಗೊಮ್ಮೆ ಬೆಂಗಳೂರಿನಲ್ಲಿ ಪರೀಕ್ಷೆ ಆಗಬೇಕು. ಮುಂದೊಂದು ದಿನ ಬೇರೆ ಯಕೃತ್ತು ಬೇಕಾದೀತು ಎಂದೂ ಹೇಳಿದ್ದಾರೆ. ಇನ್ನೂ ಮೂರು ವಾರ ಮೊದಲೇ ಒಯ್ದಿದ್ದರೆ ಆ ಮಾತು ಬರುತ್ತಿತ್ತೋ ಇಲ್ಲವೋ, ಯಾರೂ ಹೇಳಲಾರರು.

ಡೈಪರ್ ಬಿಚ್ಚಿ ನೋಡಲು ಅರ್ಧ ನಿಮಿಷ ಸಾಕು. ಓದಿದವರು ಆ ಅರ್ಧ ನಿಮಿಷ ಕೊಡಲಿಲ್ಲ; ಏಳನೆಯ ದಿನ ಟಿಕ್ ಹಾಕಿದ ನಾನೂ ಕೊಡಲಿಲ್ಲ. ಉಳಿದ ಎರಡು ವರ್ಷ ನನ್ನ ಕೈಗೆ ಬಂದ ಪ್ರತಿ ಕೂಸಿನ ಬಟ್ಟೆಯನ್ನೂ ಬೆಳಕಿನಲ್ಲಿ ಬಿಚ್ಚಿ ನೋಡಿದೆ. ಹೊಸದಾಗಿ ಬಂದ ಆಶಾ ಕಾರ್ಯಕರ್ತೆಯರಿಗೆ ಹೇಳುತ್ತಿದ್ದದ್ದು ಇಷ್ಟೇ: ಮನೆಗೆ ಹೋದ ಕೂಡಲೇ ಫಾರಂ ತೆಗೆಯಬೇಡಿ. ಮಗುವಿನ ಬಟ್ಟೆ ಒಗೆಯುವವರು ಯಾರು ಎಂದು ಕೇಳಿ, ಅವರನ್ನು ಕರೆದು ಕೂರಿಸಿ, ಹೇಳುವಷ್ಟನ್ನೂ ಹೇಳಲು ಬಿಡಿ.