ಕಿಕ್ಕೇರಿ ಕಡೆಯ ಹೆಂಗಸು

ಮೊದಲ ಸಲ ಸಂದರ್ಶನದಲ್ಲಿ ಫೇಲಾಗಿ ಬಂದ ದಿನ ಮನೆಯಲ್ಲಿ ಯಾರೂ ನನ್ನನ್ನು ಮಾತಾಡಿಸುವ ಧೈರ್ಯ ಮಾಡಲಿಲ್ಲ. ನನ್ನ ಸಿಟ್ಟು ಅಂಥದ್ದು. ನಮ್ಮ ಯಜಮಾನರು ಗದ್ದೆಗೆ ನೀರು ಬಂದಿದೆಯಾ ನೋಡಿಕೊಂಡು ಬರುತ್ತೇನೆಂದು ಹೊರಟೇಬಿಟ್ಟರು. ಅವತ್ತು ನಾಲೆಗೆ ನೀರೇ ಬಿಟ್ಟಿರಲಿಲ್ಲ. ಅತ್ತೆ ಮಾತ್ರ ಹಸುವಿನ ಕೆಚ್ಚಲು ತೊಳೆಯುತ್ತ, ನನ್ನ ಕಡೆ ತಿರುಗದೆಯೇ ಕೇಳಿದರು.

"ಏನ್ ಕೇಳುದ್ರು?"

"ಅವ್ರು ಕೇಳ್ಲಿಲ್ಲ, ನಾನೇ ಕೇಳ್ಬೇಕಿತ್ತು," ಅಂದೆ.

ನಾನು ಸೇರಬೇಕೆಂದಿದ್ದದ್ದು ಫಿಸಿಷಿಯನ್ ಅಸಿಸ್ಟೆಂಟ್ ಎಂಬ ಎರಡು ವರ್ಷದ ಸ್ನಾತಕೋತ್ತರ ಕೋರ್ಸಿಗೆ. ಊರಿನಲ್ಲಿ ಇದನ್ನು ವಿವರಿಸಿ ವಿವರಿಸಿ ನನ್ನ ಗಂಟಲು ಕಟ್ಟಿಹೋಗಿತ್ತು. ಡಾಕ್ಟರಲ್ಲ, ನರ್ಸೂ ಅಲ್ಲ. ಡಾಕ್ಟರ ಜೊತೆಗಿದ್ದು, ರೋಗಿಯನ್ನು ಮೊದಲು ಮಾತಾಡಿಸಿ, ಪರೀಕ್ಷೆ ಮಾಡಿ, ಎಲ್ಲವನ್ನೂ ಬರೆದಿಟ್ಟು, ಆಪರೇಷನ್ನಿನಲ್ಲೂ ಜೊತೆಗೆ ನಿಲ್ಲುವ ಕೆಲಸ. "ಅಂದ್ರೆ ಅರ್ಧ ಡಾಕ್ಟ್ರು ಅನ್ನು," ಎಂದಿದ್ದರು ಡೇರಿಯ ಸೆಕ್ರೆಟರಿ. ಅರ್ಧವೋ ಮುಕ್ಕಾಲೋ, ಪಾಂಡವಪುರದ ಒಂದು ನರ್ಸಿಂಗ್ ಹೋಮಿನಲ್ಲಿ ಎಂಟು ವರ್ಷ ಬಿ.ಪಿ. ನೋಡಿ, ಚೀಟಿ ಬರೆದು, ಡ್ರೆಸ್ಸಿಂಗ್ ಕಟ್ಟಿ ನನಗೆ ಸಾಕಾಗಿತ್ತು. ಮದುವೆಯಾಗಿ ಐದು ವರ್ಷ, ವಯಸ್ಸು ಮೂವತ್ತೊಂದು. ಈಗ ಓದದಿದ್ದರೆ ಇನ್ನು ಯಾವತ್ತೂ ಓದುವುದಿಲ್ಲ ಅನ್ನಿಸಿಬಿಟ್ಟಿತ್ತು.

ಕಾಲೇಜು ಇದ್ದದ್ದು ನಾಗಮಂಗಲ ದಾಟಿ. ಲಿಖಿತ ಪರೀಕ್ಷೆ ಪಾಸಾದವರನ್ನು ಕರೆದು, ಮೂವರು ಡಾಕ್ಟರ ಎದುರಿಗೆ ವಾರ್ಡಿನಿಂದ ಒಬ್ಬ ರೋಗಿಯನ್ನು ಕರೆತಂದು ಕೂರಿಸುತ್ತಿದ್ದರು. ಹತ್ತು ನಿಮಿಷದಲ್ಲಿ ಅವರ ಕಾಯಿಲೆಯ ಕಥೆಯನ್ನು ಅವರ ಬಾಯಿಂದಲೇ ಹೊರಡಿಸಬೇಕು. ನನಗೆ ಸಿಕ್ಕಿದ್ದು ಒಬ್ಬ ವಯಸ್ಸಾದ ರೈತ. ನಾನೋ ಪುಸ್ತಕದ ಪ್ರಶ್ನೆಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಎಲ್ಲಿ ನೋವು, ಎಷ್ಟು ದಿನದಿಂದ, ಜ್ವರ ಇದೆಯಾ, ವಾಂತಿ ಇದೆಯಾ, ಬೀಡಿ ಸೇದುತ್ತೀರಾ. ಆತ ಪ್ರತಿಯೊಂದಕ್ಕೂ "ಏನಿಲ್ಲ ಕಣವ್ವ" ಎಂದು, ಕೊನೆಗೆ ನನ್ನ ಮೇಲೇ ಕನಿಕರ ಬಂದು "ನಾನ್ ಚೆನ್ನಾಗಿವ್ನಿ, ನೀನ್ ಯೋಚ್ನೆ ಮಾಡ್ಬ್ಯಾಡ" ಎಂದುಬಿಟ್ಟ. ಹಿರಿಯ ಡಾಕ್ಟರೊಬ್ಬರು ನಕ್ಕರು.

"ಪ್ರಶ್ನೆ ಎಲ್ಲಾ ಸರಿಯಾಗೇ ಇದ್ವಮ್ಮ. ಅವ್ರಿಗೆ ಮಾತಾಡೋಕೇ ಬಿಡ್ಲಿಲ್ವಲ್ಲ ನೀವು. ಮುಂದಿನ ವರ್ಷ ಬನ್ನಿ."

ಇದನ್ನೆಲ್ಲ ನಾನು ಹೇಳಿ ಮುಗಿಸುವಷ್ಟರಲ್ಲಿ ಅತ್ತೆ ಹಾಲು ಕರೆದು ಮುಗಿಸಿದ್ದರು.

"ಪೊಲೀಸ್ನೋರು ಕೇಳ್ದಂಗೆ ಕೇಳುದ್ರೆ ಕಾಯ್ಲೆಯೋರು ಬಾಯ್ ಬುಡ್ತಾರಾ? ನಾಳಿಂದ ನನ್ನ ಕೇಳು. ನಾನೇ ರೋಗಿ."

"ನಿಮಗೇನಾಗಿದೆ ಅತ್ತೆ?"

"ನಂಗೇನಾಯ್ತದೆ? ಗುಂಡ್ಕಲ್ಲಂಗಿವ್ನಿ. ಏನಾದ್ರೂ ಬರಿಸ್ಕತೀನಿ ಬುಡು."

ಇನ್ನೊಂದೇ ಸಲ ನೋಡುತ್ತೇನೆ, ಆಗಲಿಲ್ಲವೆಂದರೆ ಓದಿನ ಮಾತನ್ನೇ ಎತ್ತುವುದಿಲ್ಲ ಎಂದು ಆ ರಾತ್ರಿಯ ಊಟಕ್ಕೆ ಕೂತಾಗ ನಾನೇ ಹೇಳಿದೆ. ಯಾರೂ ಕೇಳಿರಲಿಲ್ಲ. ಸಿಟ್ಟಿನಲ್ಲಿ ಹೇಳಿದ್ದು, ಆದರೆ ಹೇಳಿದ ಮೇಲೆ ಹೇಳಿದಂತೆಯೇ.

ಮಾರನೆಯ ದಿನದಿಂದ ಶುರುವಾಯಿತು. ಸಂಜೆ ಯಜಮಾನರು ಬೈಕಿನಲ್ಲಿ ಹಾಲಿನ ಕ್ಯಾನು ಇಟ್ಟುಕೊಂಡು ಡೇರಿಗೆ ಹೋದ ಮೇಲೆ ಅತ್ತೆ ಮುಖ ತೊಳೆದು, ಸೆರಗು ಸರಿಮಾಡಿಕೊಂಡು ಜಗಲಿಗೆ ಬರುತ್ತಿದ್ದರು. ನಾನು ಕಾಗದ ಪೆನ್ನು ಹಿಡಿದು ಕೂತಿರುತ್ತಿದ್ದೆ. ಕೂತುಕೊಳ್ಳಿ ಅಂದರೆ ಕೂರುತ್ತಿರಲಿಲ್ಲ. "ಆ ಹೆಂಗ್ಸು ನಿಂತೇ ಅವ್ಳೆ ಅನ್ಕೊ," ಎಂದು ಕಂಬಕ್ಕೆ ಒರಗಿ ನಿಂತೇ ನರಳುತ್ತಿದ್ದರು. ಎಂಥ ನರಳಾಟ ಅಂತೀರಿ, ಎದುರುಮನೆಯವರು ಒಂದು ದಿನ ಗಾಬರಿಯಾಗಿ ಓಡಿಬಂದಿದ್ದರು.

ಊರಲ್ಲಿ ಅತ್ತೆಯ ಕಿವಿಗೆ ಬಿದ್ದ ಕಾಯಿಲೆಯೆಲ್ಲ ಸಂಜೆ ನಮ್ಮ ಜಗಲಿಗೆ ಬರುತ್ತಿತ್ತು. ಒಂದು ದಿನ ಸಕ್ಕರೆ ಕಾಯಿಲೆ, ಒಂದು ದಿನ ಎದೆಯುರಿ, ಒಂದು ದಿನ ಕಣ್ಣಿನ ಪೊರೆ. ಈ ರೋಗಿಗಳೆಲ್ಲ ಕಿಕ್ಕೇರಿ ಕಡೆಯವರೇ. ಕಿಕ್ಕೇರಿ ನನ್ನ ತವರು. ನಾನು ಮುನಿಸಿಕೊಂಡರೆ, "ನಮ್ ಕಡೆಯೋರ್ಗೆ ಕಾಯ್ಲೆ ಬರಾಕಿಲ್ಲ ಕಣಮ್ಮಿ, ನಾನೇನ್ ಮಾಡ್ಲಿ?" ಅನ್ನುತ್ತಿದ್ದರು. ಒಬ್ಬಳಿಗಂತೂ ಸೊಸೆ ಮಾಡಿದ ಉಪ್ಸಾರು ಉಂಡಾಗಿನಿಂದ ಹೊಟ್ಟೆನೋವು. ಅವತ್ತು ಮಧ್ಯಾಹ್ನ ಉಪ್ಸಾರು ಮಾಡಿದ್ದವಳು ನಾನೇ.

ಆಡುತ್ತಲೇ ಕಲಿಸುತ್ತಲೂ ಇದ್ದರು. "ಮೊದ್ಲು ಯಾವೂರು ಅಂತ ಕೇಳು. ಬಸ್ಸು ಸಿಕ್ತಾ, ಮಳೆ ಉಯ್ತಾ ಅಂತ ಕೇಳು. ಬಾಯ್ ತಗುದ್ರೆ ಸಾಕು, ವಾಂತಿ ಅಂತೀಯಲ್ಲ." ಇನ್ನೊಂದು ಪಾಠ ನನಗೆ ಇದಕ್ಕಿಂತ ಕಷ್ಟದ್ದು. "ಕೇಳ್ಬುಟ್ಟು ಸುಮ್ಕಿರು. ನಾನು ಯೋಚ್ನೆ ಮಾಡಿ ಏಳ್ಬ್ಯಾಡ್ವಾ?" ಸುಮ್ಮನಿರುವುದು ನಮ್ಮ ವಂಶದಲ್ಲೇ ಇಲ್ಲ. ನಾಲಿಗೆ ಕಚ್ಚಿಕೊಂಡು, ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸುವುದನ್ನು ಕಲಿತೆ.

ರೋಗಿಯ ಕಥೆ ಬರೆಯುವ ಹಾಳೆಗೆ ಕೇಸ್ ಶೀಟು ಅನ್ನುತ್ತಾರೆ. ಅದರ ಮೇಲ್ಗಡೆಯೇ ಎರಡು ಪ್ರಶ್ನೆ ಇರುತ್ತವೆ. ಈ ವಿಷಯ ಹೇಳಿದವರು ಯಾರು, ಅವರ ಮಾತು ನಂಬಬಹುದೇ ಎಂದು. ಅತ್ತೆಯ ಹಾಳೆಗಳಲ್ಲೆಲ್ಲ ನಾನು "ಹೇಳಿದವರು: ಯಾರೋ. ನಂಬುವಂತಿಲ್ಲ" ಎಂದು ಬರೆದು, ಜೋರಾಗಿ ಓದಿ ಹೇಳುತ್ತಿದ್ದೆ. ಅದನ್ನು ಕೇಳುವುದಕ್ಕೇ ಅವರು ಕಾಯುತ್ತಿದ್ದರು ಅನ್ನಿಸುತ್ತದೆ.

ಸಂದರ್ಶನಕ್ಕೆ ಒಂದು ತಿಂಗಳು ಇರಬೇಕಾದರೆ ಒಂದು ಸಂಜೆ ಎಂದಿನಂತೆ ಕಿಕ್ಕೇರಿ ಕಡೆಯ ಹೆಂಗಸು ಬಂದಳು. ಅವತ್ತು ನರಳಾಟ ಇರಲಿಲ್ಲ. ಯಾವೂರು, ಬಸ್ಸು ಸಿಕ್ತಾ, ಎಲ್ಲ ಆಯಿತು. ಏನು ತೊಂದರೆ ಎಂದು ಕೇಳಿ ಸುಮ್ಮನೆ ಕೂತೆ. ಇಪ್ಪತ್ತು ದಾಟಿ ನಲವತ್ತು ಎಣಿಸಿರಬೇಕು.

"ಕೆಳ್ಗಡೆ ಏನೋ ಜಾರ್ದಂಗೆ ಆಯ್ತದೆ," ಅಂದರು ಅತ್ತೆ, ಕೊಟ್ಟಿಗೆ ಕಡೆ ನೋಡುತ್ತ. "ಕೆಮ್ಮುದ್ರೆ, ಭಾರ ಎತ್ತುದ್ರೆ ಈಚೆಗೆ ಬತ್ತದೆ. ಮನಿಕಂಡ್ರೆ ಒಳಿಕ್ಕೋಯ್ತದೆ. ಕುಂತ್ಕಂಡ್ರೆ ಒತ್ತುತದೆ."

ಗರ್ಭಕೋಶ ಜಾರಿರುವುದು. ನರ್ಸಿಂಗ್ ಹೋಮಿನಲ್ಲಿ ಎಷ್ಟೋ ನೋಡಿದ್ದೆ. ಒಳ್ಳೆಯ ಕೇಸು ತಂದಿದ್ದಾರೆ ಎಂದು ಖುಷಿಯಿಂದಲೇ ಬರೆದುಕೊಳ್ಳುತ್ತಿದ್ದೆ. ಎಷ್ಟು ವರ್ಷದಿಂದ ಎಂದು ಕೇಳಿದೆ.

"ಕೊಟ್ಗೆಗೆ ಚಪ್ಡಿ ಆಕುದ್ರಲ್ಲ, ಆಗ್ಲಿಂದ."

ಪೆನ್ನು ಅಲ್ಲೇ ನಿಂತಿತು. ನಮ್ಮ ಕೊಟ್ಟಿಗೆಗೆ ಕಲ್ಲುಚಪ್ಪಡಿ ಹಾಕಿಸಿದ್ದು ನಾನು ಮದುವೆಯಾಗಿ ಬಂದ ವರ್ಷ. ಕೆಲಸದವರು ನಿಧಾನ ಮಾಡುತ್ತಾರೆಂದು ಅತ್ತೆಯೇ ಅವರ ಜೊತೆ ಚಪ್ಪಡಿಗೆ ಕೈಕೊಟ್ಟು ಹೊತ್ತಿದ್ದರು. ಆಮೇಲೆ ಒಂದೊಂದೇ ನೆನಪಾಯಿತು. ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಬರುವುದು. ಹಾಲಿನ ಕ್ಯಾನು ಹೊರುವುದನ್ನು ಮಗನಿಗೆ ಒಪ್ಪಿಸಿದ್ದು. ವರ್ಷ ವರ್ಷವೂ ಕರಿಘಟ್ಟಕ್ಕೆ ಹೋದಾಗ ಮೆಟ್ಟಿಲ ಬುಡದಲ್ಲೇ ಉಳಿದು, "ನೀವ್ ಓಗ್ಬನ್ನಿ, ನಾನು ಚಪ್ಲಿ ಕಾಯ್ತೀನಿ" ಅನ್ನುವುದು. ಆರು ವರ್ಷ ಅವರು ಚಪ್ಪಲಿ ಕಾದಿದ್ದರು, ನಾವು ದೇವರ ದರ್ಶನ ಮಾಡಿ ಬಂದಿದ್ದೆವು. ಪಾಂಡವಪುರದಲ್ಲಿ ದಿನಕ್ಕೆ ಐವತ್ತು ಜನರನ್ನು ಮಾತಾಡಿಸುವ ನಾನು ಮನೆಯೊಳಗಿನ ಒಬ್ಬರನ್ನು ಕೇಳಿರಲಿಲ್ಲ. ನನಗೆ ತಡೆಯಲಾರದಷ್ಟು ನಾಚಿಕೆಯಾಯಿತು.

ಬಾಯಿ ಬಿಟ್ಟರೆ ಅತ್ತುಬಿಡುತ್ತೇನೆ ಅನ್ನಿಸಿತು. ನಿಮಗೇ ತಾನೇ ಎಂದು ಕೇಳಿದ್ದರೆ ಅವರು "ಗುಂಡ್ಕಲ್ಲು" ಎಂದು ಒಳಗೆ ಹೋಗಿಬಿಡುತ್ತಿದ್ದರು. ಅದಕ್ಕೆ ಆಟದಲ್ಲೇ ಇದ್ದೆ.

"ಇದು ವಾಸಿಯಾಗೋ ಕಾಯಿಲೆ ಅಂತ ಆ ಹೆಂಗಸಿಗೆ ಹೇಳಿ ಅತ್ತೆ. ನಾಳೆನೇ ಪಾಂಡವಪುರಕ್ಕೆ ಕರ್ಕೊಂಡು ಬನ್ನಿ, ಲೇಡಿ ಡಾಕ್ಟರಿಗೆ ತೋರಿಸೋಣ."

"ಪಾಂಡವಪುರದಾಗೆ ಎಲ್ಲಾ ಗುರ್ತಿನೋರು. ಅವ್ಳು ಬರಾಕಿಲ್ಲ."

"ಹಾಗಂತ ಸಾಯೋವರೆಗೂ ಹಂಗೇ ಇರ್ತಾಳಂತಾ ಅವಳು?" ನನ್ನ ದನಿ ಏರಿತು.

"ರೇಗ್ಬ್ಯಾಡ. ನೀನು ಆ ನಾಗಮಂಗಲದ ಕಡೆ ಆಸ್ಪತ್ರೇಲಿ ಸೀಟು ತಕ್ಕೊ. ನೀನಿದ್ರೆ ಅಲ್ಲಿಗೆ ಬತ್ತಾಳಂತೆ."

ಎಷ್ಟು ಹೇಳಿದರೂ ಅದಕ್ಕಿಂತ ಮುಂದಕ್ಕೆ ಬರಲಿಲ್ಲ. ದಿನಕ್ಕೊಂದು ಸಲ ಆ ಹೆಂಗಸನ್ನು ವಿಚಾರಿಸಿಕೊಂಡೆ, ಬೈದೆ, ಪೂಸಿ ಹೊಡೆದೆ. ಸೀಟು ಸಿಗದಿದ್ದರೆ ಏನು ಮಾಡುತ್ತಾಳಂತೆ ಎಂದೂ ಕೇಳಿದೆ. "ಸಿಕ್ತದೆ," ಅಂದರು. ಮೊದಲಿಗೆ ಆ ಸೀಟು ನನ್ನ ಆಸೆಯಾಗಿತ್ತು. ಈಗ ಅದು ಸಿಗದಿದ್ದರೆ ಅತ್ತೆ ಇನ್ನೂ ಆರು ವರ್ಷ ಚಪ್ಪಲಿ ಕಾಯುತ್ತಾರೆ ಎಂದು ನನಗೆ ಗೊತ್ತಿತ್ತು.

ಎರಡನೆಯ ಸಲ ನನ್ನೆದುರಿಗೆ ಕೂರಿಸಿದ್ದು ನಾಗಮಂಗಲದ ಕಡೆಯ ಒಬ್ಬ ಹೆಂಗಸನ್ನು. ಹೊಟ್ಟೆ ಹಿಡಿದುಕೊಂಡು, ತಲೆ ತಗ್ಗಿಸಿ ಕೂತಿದ್ದಳು. ಅವೇ ಮೂವರು ಡಾಕ್ಟರು. ನಾನು ಯಾವೂರು ಕೇಳಿದೆ, ಬಸ್ಸು ಸಿಕ್ತಾ ಕೇಳಿದೆ, ರಾಗಿ ಕುಯ್ಲು ಆಯ್ತಾ ಕೇಳಿದೆ. ಒಬ್ಬ ಡಾಕ್ಟರು ಗಡಿಯಾರ ನೋಡಿಕೊಂಡರು. ಆದರೂ ಅವಳ ತೆಂಗಿನ ಮರಕ್ಕೆ ಬಂದ ಹುಳದ ವಿಷಯ ಪೂರ್ತಿ ಕೇಳಿದೆ. ಆಮೇಲೆ ಹೊಟ್ಟೆಗೆ ಏನಾಯಿತು ಎಂದು ಕೇಳಿ, ಸುಮ್ಮನಾಗಿ ಎಣಿಸತೊಡಗಿದೆ. ಮೂವತ್ತಕ್ಕೆ ಅವಳು ತಲೆ ಎತ್ತಿದಳು.

"ಮಂಡಿ ನೋವ್ಗೆ ಅಂಗ್ಡಿ ಮಾತ್ರೆ ತಿಂತಿವ್ನಿ ಕಣವ್ವ. ದಿನಕ್ಕೆ ಎಲ್ಡು, ಬರೀ ಒಟ್ಟೇಲಿ. ಇವ್ರಿಗೆಲ್ಲ ಏಳಿಲ್ಲ, ಬೈತಾರೆ ಅಂತ."

ಡಾಕ್ಟರು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೋದ ವರ್ಷ ನಕ್ಕಿದ್ದವರು ಈ ವರ್ಷ ನಗಲಿಲ್ಲ, ಅವಳ ಫೈಲು ತೆಗೆದು ಏನೋ ಬರೆದುಕೊಂಡರು.

ವಾರದ ಮೇಲೆ ಫೋನಿನಲ್ಲಿ ಪಟ್ಟಿ ಬಂತು. ನನ್ನ ಹೆಸರಿತ್ತು. ಯಜಮಾನರು ಮೈಸೂರುಪಾಕು ತರುತ್ತೇನೆಂದು ಬೈಕು ಹತ್ತಿದರು. ಅತ್ತೆ ಹಸುವಿಗೆ ಹುಲ್ಲು ಹಾಕುತ್ತಿದ್ದವರು ಹಾಕುತ್ತಲೇ ಇದ್ದರು. "ಆಯ್ತು ಬುಡು. ಆ ಹೆಂಗ್ಸಿಗೆ ಏಳಿ ಕಳಿಸ್ತೀನಿ."

ತರಗತಿಯಲ್ಲಿ ಎಲ್ಲರಿಗಿಂತ ದೊಡ್ಡವಳು ನಾನೇ. ಹುಡುಗ ಹುಡುಗಿಯರೆಲ್ಲ ಮೊದಲ ದಿನವೇ ಅಕ್ಕ ಅಂದುಬಿಟ್ಟರು. ನನ್ನ ಹಾಸ್ಟೆಲ್ ರೂಮಿನಲ್ಲಿದ್ದವಳು ಶ್ರೀರಂಗಪಟ್ಟಣದ ಹುಡುಗಿ, ಅವಳ ಅಬ್ಬಾ ಲಾರಿ ಓಡಿಸುತ್ತಿದ್ದರು. ನನಗೆ ಕಂಪ್ಯೂಟರು ಕಲಿಸುತ್ತಿದ್ದವಳು ಅವಳು, ಅವಳಿಗೆ ಸುಮ್ಮನಿರುವುದನ್ನು ಕಲಿಸುತ್ತಿದ್ದವಳು ನಾನು. ನಾನು, ನೋಡಿ.

ಮೂರನೆಯ ವಾರ ಅತ್ತೆ ಬಂದರು. ಒಂದು ಬ್ಯಾಗು, ಡಬ್ಬಿ ತುಂಬ ಕೋಡುಬಳೆ, ಹಬ್ಬದ ಸೀರೆ. ಮುಂದಿನದೆಲ್ಲ ಸಲೀಸಾಗಿ ಆಯಿತು. ಆಪರೇಷನ್ನು ಆಗಿ, ಮೂರು ತಿಂಗಳು ಕೊಡ ಮುಟ್ಟಗೊಡದೆ ಮನೆಯಲ್ಲಿ ಯಜಮಾನರು ಕಾವಲು ಕಾದರು. ಈ ಸಲ ಕರಿಘಟ್ಟದಲ್ಲಿ ತಮ್ಮ ಚಪ್ಪಲಿಯನ್ನು ನನ್ನ ಮುಂದೆ ಬಿಟ್ಟು ಮಗನ ಜೊತೆ ಹತ್ತಿಯೇಬಿಟ್ಟರು. ಆದರೂ ಇವತ್ತಿಗೂ ನಾನು ಪದೇ ಪದೇ ನೆನೆಯುವುದು ಅವರನ್ನು ದಾಖಲು ಮಾಡಿದ ಬೆಳಿಗ್ಗೆಯನ್ನು.

ಮನೆಯವರ ಕಥೆಯನ್ನು ಮನೆಯವರೇ ಬರೆದುಕೊಳ್ಳಬಾರದು ಎಂದು ನಮಗೆ ಪಾಠ ಮಾಡುವ ಮೇಡಂ ನನ್ನ ರೂಮಿನ ಆ ಹುಡುಗಿಯನ್ನು ಕಳಿಸಿದರು. ಪರದೆ ಎಳೆದು, ಅವಳು ಅತ್ತೆಯ ಪಕ್ಕ ಸ್ಟೂಲ್ ಹಾಕಿಕೊಂಡಳು. ನಾನು ಮಂಚದ ಕಾಲಿನ ಕಡೆ ನಿಂತೆ.

"ಯಾವೂರಮ್ಮ ನಿಮ್ದು? ಬಸ್ಸು ಸಿಕ್ತಾ?"

ಅತ್ತೆ ನನ್ನ ಕಡೆ ನೋಡಿ ಮೆಚ್ಚಿಗೆಯಿಂದ ತಲೆದೂಗಿದರು. ಊರು, ಬಸ್ಸು, ಮಳೆ ಎಲ್ಲ ಮುಗಿಯಿತು. ಏನು ತೊಂದರೆಯಮ್ಮ ಎಂದು ಕೇಳಿ ಆ ಹುಡುಗಿ ಸುಮ್ಮನಾದಳು.

"ಕಿಕ್ಕೇರಿ ಕಡೆ ಒಬ್ಳು ಹೆಂಗ್ಸು," ಎಂದು ಅತ್ತೆ ಶುರುಮಾಡಿ, ಅಲ್ಲಿಗೇ ನಿಲ್ಲಿಸಿದರು.

ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಿಬಿಡೋಣ, ಮುಗಿದೇ ಹೋಗಲಿ ಎಂದು. ಮಂಚದ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡು ಎಣಿಸಿದೆ. ಪಕ್ಕದ ಮಂಚದಲ್ಲಿ ಯಾರೋ ಕಿತ್ತಳೆ ಸುಲಿಯುತ್ತಿದ್ದರು, ಅದರ ವಾಸನೆ ಬರುತ್ತಿತ್ತು. ಅತ್ತೆ ಸೆರಗಿನ ಅಂಚನ್ನು ಮಡಿಸಿದರು, ಬಿಚ್ಚಿದರು.

"ನಂಗೇ ಕಣವ್ವ," ಅಂದರು. "ಆರು ವರ್ಷ ಆಯ್ತು."

ಆ ಹುಡುಗಿ ತಲೆಯಾಡಿಸಿ ಹಾಳೆಯ ಮೇಲ್ಗಡೆ ಬರೆದಳು. ಕಣ್ಣು ಮಂಜಾಗಿತ್ತು, ಆದರೂ ಬಗ್ಗಿ ಓದಿದೆ. ಹೇಳಿದವರು: ರೋಗಿಯೇ. ನಂಬಬಹುದು.