ಮೇಸ್ತ್ರಿಯ ಬ್ರೇಕು
ಬೈಕ್ ರಿಪೇರಿ ಶೆಡ್ಡಿನಲ್ಲಿ ಅವರನ್ನು ಎಲ್ಲರೂ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಬೈಕಿನ ಚಕ್ರವನ್ನೊಮ್ಮೆ ತಿರುಗಿಸಿ, ಕಿವಿಗೊಟ್ಟು, ಬ್ರೇಕಿನ ರೋಗ ಹೇಳುತ್ತಿದ್ದರು. ಮಗಳನ್ನು ಕೊಟ್ಟದ್ದೂ ತಮ್ಮ ಕೈಕೆಳಗೆ ಕೆಲಸ ಕಲಿತವನಿಗೇ. "ಬೇರೆ ಕಡೆ ಕೊಟ್ಟಿದ್ರೆ ಮಗಳೂ ಹೋಗ್ತಿದ್ದಳು. ನನ್ನ ಸ್ಪ್ಯಾನರು ಎತ್ಕೊಂಡು ಇವನೂ ಹೋಗ್ತಿದ್ದ" ಎಂದು ನಗಿಸುತ್ತಿದ್ದರು.

ಈಚೆಗೆ ಅವರಿಗೆ ಮರೆವು ಹತ್ತಿತ್ತು. ಚಹಾ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಮತ್ತೆ ಚಹಾ ಕೇಳುತ್ತಿದ್ದರು. ವಯಸ್ಸಾಯಿತಲ್ಲ ಎಂದು ಮನೆಯವರು ಸುಮ್ಮನಿದ್ದರು.

ಒಂದು ದಿನ ಅಳಿಯ ಬಿಡಿಭಾಗ ತರಲು ಹೋಗಿದ್ದಾಗ, ಸರ್ವಿಸಿಗೆ ಬಂದಿದ್ದ ನರ್ಸೊಬ್ಬಳ ಬೈಕಿಗೆ ಮೇಸ್ತ್ರಿ ತಾವೇ ಬ್ರೇಕ್ ಎಣ್ಣೆ ಬದಲಿಸಿ ಕಳಿಸಿದರು. ವಾರದೊಳಗೆ ಅವಳು ಗಾಡಿಯನ್ನು ಸಣ್ಣ ಲಾರಿಯಲ್ಲಿ ಹಾಕಿಸಿಕೊಂಡು ಬಂದಳು. ಎಡ ಮಣಿಕಟ್ಟಿಗೆ ಪಟ್ಟಿ ಕಟ್ಟಿತ್ತು.

"ಹಿಡಿದ ಬ್ರೇಕ್ ಬಿಡಲೇ ಇಲ್ಲ ಅಣ್ಣ. ತಿರುವಿನಲ್ಲಿ ಚಕ್ರ ಕಚ್ಕೊಂಡುಬಿಡ್ತು."

ಅಳಿಯ ಹ್ಯಾಂಡಲ್ ಮೇಲಿನ ಎಣ್ಣೆ ಡಬ್ಬಿಯ ಮುಚ್ಚಳ ಬಿಚ್ಚಿದ. ಒಳಗಿನ ರಬ್ಬರು ಊದಿ ಸೊಟ್ಟಗಾಗಿತ್ತು. ಮೇಸ್ತ್ರಿ ಸ್ಟೂಲಿನಿಂದ ಎದ್ದು ಬಂದು ಬೆರಳು ಅದ್ದಿ ಮೂಸಿದರು. ಮಗ್ಗಿನಲ್ಲಿ ನೀರು ತಂದು ಅದಕ್ಕೆ ಆ ಎಣ್ಣೆಯ ಎರಡು ಹನಿ ಬಿಟ್ಟರು. ಹನಿಗಳು ತೇಲಿದವು.

"ಬ್ರೇಕ್ ಎಣ್ಣೆ ಆಗಿದ್ರೆ ನೀರಲ್ಲಿ ಕರಗಬೇಕಿತ್ತು. ಇದು ಇಂಜಿನ್ ಎಣ್ಣೆ. ರಬ್ಬರೆಲ್ಲ ಊದಿದೆ, ಬ್ರೇಕ್ ಹೇಗೆ ಬಿಟ್ಟೀತು?" ನರ್ಸಿನ ಕೈ ನೋಡಿ ಅವರ ಮುಖ ಕೆಂಪಾಯಿತು. "ಯಾವ ಕತ್ತೆ ಹಾಕಿದ್ದು ಇದನ್ನ?"

ನರ್ಸ್ ಬಾಯಿ ತೆರೆದಳು. ಅಳಿಯ ಕಣ್ಣಲ್ಲೇ ಬೇಡವೆಂದ.

"ನಾನೇ ಮಾವ. ಕೈ ತಪ್ಪಾಯ್ತು."

ಮೇಸ್ತ್ರಿ ಅವನತ್ತ ತಿರುಗಿದರು. "ನಿನಗೆ ನಾನು ಇಷ್ಟೂ ಕಲಿಸಲಿಲ್ವೇನಪ್ಪಾ?"

ಅಳಿಯ ತಲೆ ತಗ್ಗಿಸಿ ಕೆಲಸಕ್ಕೆ ಕೂತ. ಕೊಳವೆ, ಪಿಸ್ಟನ್ ಎಲ್ಲ ಕಳಚಿ ಸ್ಪಿರಿಟ್‌ನಲ್ಲಿ ತೊಳೆದ. ಒಂದು ರಬ್ಬರನ್ನೂ ಉಳಿಸಿಕೊಳ್ಳದೆ ಹೊಸದು ಕೂರಿಸಿದ. ಸರಿಯಾದ ಎಣ್ಣೆ ತುಂಬಿ, ಲಿವರ್ ಒತ್ತಿ ಒತ್ತಿ ಕೊಳವೆಯೊಳಗೆ ಸಿಕ್ಕಿದ್ದ ಗಾಳಿ ತೆಗೆದ. ಚಕ್ರ ಹಗುರವಾಗಿ ತಿರುಗಿತು. ಮೇಸ್ತ್ರಿ ಪಕ್ಕದಲ್ಲೇ ನಿಂತು ಒಂದೊಂದು ಬೋಲ್ಟನ್ನೂ ಮತ್ತೆ ಬಿಗಿದು ನೋಡಿದರು.

"ಇನ್ಮೇಲೆ ಬ್ರೇಕ್ ಕೆಲಸ ನಿನ್ನ ಕೈಗೆ ಕೊಡಲ್ಲ. ನಾನೇ ಮಾಡ್ತೀನಿ."

ಮರುದಿನ ಅವರು ಎಲ್ಲರಿಗಿಂತ ಮೊದಲೇ ಶೆಡ್ಡಿಗೆ ಬಂದಿದ್ದರು. ಬ್ರೇಕಿಗೆ ಅಳಿಯ ಕೈ ಹಾಕಿದರೆ ಸ್ಪ್ಯಾನರ್ ಕಸಿದುಕೊಳ್ಳುತ್ತಿದ್ದರು. ಅವರು ಊಟಕ್ಕೆ ಹೋದಾಗ ಅಳಿಯ ಅವರು ಮುಟ್ಟಿದ ಗಾಡಿಗಳನ್ನೆಲ್ಲ ಕದ್ದು ಬಿಚ್ಚಿ ನೋಡುತ್ತಿದ್ದ. ಎಷ್ಟೋ ಸರಿಯಾಗಿರುತ್ತಿದ್ದವು. ಕೆಲವು ಇರುತ್ತಿರಲಿಲ್ಲ.

"ಅಪ್ಪನಿಗೆ ನಿಜ ಹೇಳಿಬಿಡಿ ರೀ," ಎಂದಳು ಅಳಿಯನ ಹೆಂಡತಿ. "ನನ್ನ ಕೈಲಂತೂ ಆಗಲ್ಲ."

ಅವನು ಹೇಳಿದ. ಮೇಸ್ತ್ರಿ ತಮ್ಮ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. "ನಾನಾ?" ಎಂದು ಕೇಳಿದರು. ಅವತ್ತು ಅನ್ನದ ತಟ್ಟೆ ಹಾಗೇ ಉಳಿಯಿತು.

ಬೆಳಗಾಗುವಷ್ಟರಲ್ಲಿ ಆ ಮಾತು ಅವರ ತಲೆಯಲ್ಲಿರಲಿಲ್ಲ. ಅಳಿಯನ ಮೇಲಿನ ಸಿಟ್ಟು ಮಾತ್ರ ಇತ್ತು. ಮತ್ತೊಮ್ಮೆ ಹೇಳಲು ಇವನಿಗೆ ಬಾಯಿ ಬರಲಿಲ್ಲ. ಬಾಗಿಲಲ್ಲಿ ಯಾರದೋ ಬೈಕ್ ಬಂದು ನಿಂತಿತು.

"ನೀನು ಆಚೆ ಸರಿ, ಬ್ರೇಕ್ ನಾನು ನೋಡ್ತೀನಿ," ಎನ್ನುತ್ತ ಮೇಸ್ತ್ರಿ ಮುಂದೆ ಹೋದರು.